ಗ್ಯಾರೇಜಿನಲ್ಲಿ ಬಾಯಿ ಬಿಡದ ಸದ್ದು

ನಾನು ಒಂದು ಕಾರು. ದುಂಡು ಮೈ, ಗುಂಡು ಕಣ್ಣು, ಬಿಳಿ ಬಣ್ಣ. ಕಾರ್ಖಾನೆಯವರು ಎಂಜಿನ್ನನ್ನು ನನ್ನ ಎದೆಯಲ್ಲಿಟ್ಟು, ಓಡುವ ಕೆಲಸವನ್ನು ಹಿಂದಿನ ಚಕ್ರಗಳಿಗೆ ವಹಿಸಿದರು. ಎದೆಯ ಬಲವನ್ನು ಹಿಂದಕ್ಕೆ ಒಯ್ಯಲು ಹೊಟ್ಟೆಯಡಿ ಉದ್ದನೆಯ ತಿರುಗುವ ಶಾಫ್ಟ್ ಜೋಡಿಸಿದರು. ಆಗ ನನ್ನ ಮೈಯಲ್ಲಿ ಹಾರ್ನ್ ಬಿಟ್ಟು ಬೇರೇನೂ ಸದ್ದು ಮಾಡುತ್ತಿರಲಿಲ್ಲ. ಮುಪ್ಪಿನಲ್ಲಿ ಹಾರ್ನ್ ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡತೊಡಗಿತು.

ಮೊದಲು ಒಬ್ಬ ಸರಕಾರಿ ಸಾಹೇಬರ ಬಳಿ ಇದ್ದೆ. ಸದಾ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಅವರ ಬೂಟುಗಳ ಪರಿಚಯವಷ್ಟೇ ನನಗಾಯಿತು. ಆಮೇಲೆ ಗದಗಿನ ಡಾಕ್ಟರೊಬ್ಬರ ಕೈಸೇರಿ ಮೈಯೆಲ್ಲ ಸ್ಪಿರಿಟ್ ವಾಸನೆಯಾಯಿತು. ಕೊನೆಗೆ ನನ್ನನ್ನು ಕೊಂಡವರು ಗರಡಿಮನೆಯ ಫಕೀರಪ್ಪ ವಸ್ತಾದರು. ಅವರು ಕೂತ ದಿನವೇ ನಾನು ಬಲಕ್ಕೆ ವಾಲಿದೆ; ಇವತ್ತಿಗೂ ನೆಟ್ಟಗಾಗಿಲ್ಲ.

ವಸ್ತಾದರ ಶಿಷ್ಯರನ್ನು ಊರೂರಿನ ಕುಸ್ತಿಗೆ ಹೊತ್ತೊಯ್ಯುವುದು ನನ್ನ ಕೆಲಸ. ಹಿಂದಿನ ಸೀಟಿನಲ್ಲಿ ಇಬ್ಬರು ಪೈಲ್ವಾನರು, ನಡುವೆ ದ್ಯಾಮವ್ವ. ಅವಳು ಗರಡಿಯ ಒಬ್ಬಳೇ ಹುಡುಗಿ. ಬಾಯಿಯೂ ಪಟ್ಟಿನಷ್ಟೇ ಬಿಗಿ. ಹೀಗೆ ಓಡುತ್ತಿರುವಾಗಲೇ ನನ್ನ ಹೊಟ್ಟೆಯಡಿ ಸದ್ದು ಹುಟ್ಟಿತು. ಹೊರಡುವಾಗ ‘ಕಟಕ್’, ವೇಗ ಏರಿದರೆ ‘ಕಟಕಟಕಟ’. ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ.

ಈ ಸದ್ದೇ ಒಮ್ಮೆ ದ್ಯಾಮವ್ವನ ಬಾಯಿಗೆ ಮಣ್ಣು ಹಾಕಿತು. ದಾವಣಗೆರೆಯಲ್ಲಿ ರಾಜ್ಯ ತಂಡದ ಆಯ್ಕೆಯಿತ್ತು. ಚಕ್ರ ಕಳಚೀತೆಂದು ಹೆದರಿ ವಸ್ತಾದರು ನನ್ನನ್ನು ಎತ್ತಿನ ಬಂಡಿಯಂತೆ ನಡೆಸಿದರು. ನಾವು ಮುಟ್ಟುವ ಹೊತ್ತಿಗೆ ತೂಕ ನೋಡುವುದು ಮುಗಿದು, ತಕ್ಕಡಿಯನ್ನೂ ಎತ್ತಿಟ್ಟಾಗಿತ್ತು. ತೂಕ ಕೊಡದವರಿಗೆ ಕುಸ್ತಿಯಿಲ್ಲ. ಅವಳು ಅಳಲಿಲ್ಲ. ನನ್ನ ಬಾಗಿಲು ಹಾಕಿದ ರಭಸಕ್ಕೆ ಮಾತ್ರ ಗಾಜು ಕೆಳಗಿಳಿಯಿತು.

ಮರುವರ್ಷ ಮತ್ತೆ ಆಯ್ಕೆ ಬಂತು. ಅದು ತಪ್ಪಿದರೆ ಕಿರಿಯರ ವಿಭಾಗದಲ್ಲಿ ಆಡುವ ಅವಳ ವಯಸ್ಸೇ ದಾಟಿಹೋಗುತ್ತಿತ್ತು. ಬೆಳಗಿನ ಮೊದಲ ಬಸ್ಸು ಹಿಡಿದರೂ ತೂಕದ ಹೊತ್ತಿಗೆ ಮುಟ್ಟುವಂತಿರಲಿಲ್ಲ. ವಸ್ತಾದರು ನನ್ನ ಬಾನೆಟ್ ಮೇಲೆ ಅಂಗೈ ಅಪ್ಪಳಿಸಿ, “ಸದ್ದು ಸಿಗೂತನಕ ನಾ ಬಿಡಾಂವಲ್ಲ” ಎಂದರು.

ಅಂದಿನಿಂದ ದಿನಾ ಇಮಾಮಸಾಬರ ಗ್ಯಾರೇಜಿಗೆ ನಮ್ಮ ಮೆರವಣಿಗೆ. ಅಲ್ಲಿ ವಸ್ತಾದರು ಗಂಟಲುಬ್ಬಿಸಿ ‘ಗಡಗಡ’ ಎಂದು ನನ್ನ ಅಣಕ ಮಾಡಿದರು. ಇಮಾಮಸಾಬರು ಗೇರ್ ಬಾಕ್ಸಿನ ಎಣ್ಣೆ ಬದಲಿಸಿದರು. ಒಬ್ಬ ಪೈಲ್ವಾನ ಮೂಗಿನಲ್ಲಿ ‘ಕುಂಯ್’ ಎಂದ. ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿದರು. ನನಗೋ ನಗು. ನಾನು ಎಂದಾದರೂ ‘ಕುಂಯ್’ ಅಂದೆನೇ?

ಇಮಾಮಸಾಬರು ನನ್ನನ್ನು ತಾವೇ ಓಡಿಸಿ ನೋಡಿದರೆ ಸದ್ದಿನ ಸುಳಿವಿಲ್ಲ. “ವಸ್ತಾದ, ಗಾಡಿ ಬಾಯಾಗ ಏನೂ ಇಲ್ಲೋ ಮಾರಾಯಾ. ಸದ್ದೆಲ್ಲ ನಿನ್ನ ಬಾಯಾಗ ಐತಿ!”

“ಹಂಗಾರ ನಾ ಸುಳ್ಳ ಹೇಳ್ತೀನೇನು?”

“ಸುಳ್ಳಲ್ಲಪಾ, ನಾಟಕ. ಭಾಳ ಚಲೋ ಮಾಡ್ತಿ.”

ಸುಳ್ಳೂ ಅಲ್ಲ, ನಾಟಕವೂ ಅಲ್ಲ. ಎಡವಟ್ಟು ಗರಡಿಯ ಪದ್ಧತಿಯಲ್ಲಿತ್ತು. ಮೈ ದಣಿಸುವ ಅವಕಾಶವನ್ನು ವಸ್ತಾದರು ಬಿಟ್ಟವರಲ್ಲ. ಗ್ಯಾರೇಜಿನ ದಾರಿ ಹಿಡಿದೊಡನೆ, “ಇಳೀರಿ, ಗಾಡಿ ಹಿಂದ ಓಡ್ರಿ!” ಎನ್ನುತ್ತಿದ್ದರು. ಶಿಷ್ಯರು ಬೆವರು ಸುರಿಸುತ್ತ ಹಿಂದೆ, ನಾನು ಹಗುರಾಗಿ ಮುಂದೆ. ಹಗುರಾದ ನಾನು ಏಕೆ ನರಳಲಿ? ಹೇಳೋಣವೆಂದರೆ ನನಗಿದ್ದದ್ದು ಆಗಿನ್ನೂ ಕೆಟ್ಟಿರದ ಹಾರ್ನ್ ಒಂದೇ. ಅದರ ಭಾಷೆ ಎಮ್ಮೆಗಳಿಗೆ ಮಾತ್ರ ತಿಳಿಯುತ್ತಿತ್ತು.

ಆಯ್ಕೆಯ ಹಿಂದಿನ ದಿನ ಬೆಳಿಗ್ಗೆಯೂ ಅದೇ ಕಥೆ. ದ್ಯಾಮವ್ವ ಓಡಿ ಬಂದು, ಏದುಸಿರು ಬಿಡುತ್ತ ನನ್ನ ಡಿಕ್ಕಿಗೆ ಒರಗಿದಳು. ಅವಳ ಭಾರಕ್ಕೆ ನನ್ನ ಹಿಂಭಾಗ ಚೂರು ಕುಸಿಯಿತು. ಅವಳು ಅದನ್ನೇ ನೋಡಿದಳು, ಮತ್ತೊಮ್ಮೆ ಒತ್ತಿ ನೋಡಿದಳು.

“ವಸ್ತಾದರ, ನಾವು ಇಳದ ಕೂಡ್ಲೆ ಇದು ಸುಮ್ನಾಗತೈತ್ರಿ. ಮೊಣಕಾಲ ಕೆಟ್ಟ ಪೈಲ್ವಾನ ಬರೇ ನಿಂತ್ರ ಗೊತ್ತಾಗತೈತೇನು? ಹೆಗಲ ಮ್ಯಾಲ ಒಬ್ಬನ್ನ ಹೊರಿಸ್ರಿ, ತಾನ ಕುಂಟ್ತಾನ. ಇಮಾಮ ಕಾಕಾ, ನಾವು ಹತ್ತತೀವಿ. ಈಗ ಹೊಡೀರಿ.”

ಮೂವರೂ ಹತ್ತಿದರು. ವಸ್ತಾದರೂ ಮುಂದೆ ತೂರಿಕೊಂಡರು. ಇಮಾಮಸಾಬರು ಗೇರು ಹಾಕಿದ್ದೇ ತಡ, ನಾನು ಇದ್ದ ಬಲವನ್ನೆಲ್ಲ ಕೂಡಿಸಿ ‘ಕಟಕ್’ ಎಂದೆ. ರಸ್ತೆಗೆ ಬಂದು ‘ಕಟಕಟಕಟ’ ಎಂದೆ. ಒಳಗೆ ಹಬ್ಬವೋ ಹಬ್ಬ! ಕೆಟ್ಟ ಸದ್ದಿಗೆ ಅಷ್ಟು ಜನ ಚಪ್ಪಾಳೆ ತಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗ್ಯಾರೇಜಿಗೆ ಮರಳಿ, ಎಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟರು. “ಯಾರೂ ಇಳೀಬ್ಯಾಡ್ರಿ” ಎಂದು ಇಮಾಮಸಾಬರು ಕೆಳಗೆ ನುಸುಳಿ, ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿದರು. ಅದರ ಹಿಂದಿನ ಕೀಲಿನಲ್ಲಿ ಕ್ರಾಸ್ ಎಂಬ ನಾಲ್ಕು ಕಾಲಿನ ತುಂಡಿದೆ. ಅದು ಸವೆದು ಸಡಿಲಾಗಿತ್ತು. ಮೇಲೆ ಭಾರ ಬಿದ್ದು ನಾನು ಕುಸಿದಾಗ ಕೀಲು ಬಾಗುತ್ತಿತ್ತು, ಕ್ರಾಸ್ ತನ್ನ ಗೂಡಿನಲ್ಲಿ ಕುಣಿಯುತ್ತಿತ್ತು.

“ಸಿಕ್ತು!” ಎಂಬ ಕೂಗು ಕೆಳಗಿನಿಂದ ಬಂತು. “ವಸ್ತಾದ, ನಿನ್ನ ನಾಟಕ ಖರೇ ಐತೋ!” ಸಂಜೆಯೊಳಗೆ ಹೊಸ ಕ್ರಾಸ್ ಕೂತಿತು.

ಮರುದಿನ ನಸುಕಿನಲ್ಲಿ ಹೊರಟವರು ತಕ್ಕಡಿ ಇಡುವುದಕ್ಕೂ ಮೊದಲೇ ಮೈದಾನದಲ್ಲಿದ್ದೆವು. ಕುಸ್ತಿ ನಾನು ನೋಡಲಿಲ್ಲ. ಕಾರುಗಳಿಗೆ ಗೇಟಿನ ಹೊರಗೇ ಜಾಗ. ಸಂಜೆ ದ್ಯಾಮವ್ವ ಬಂದಳು. ಒಂದು ಕಿವಿ ಬಾತಿತ್ತು, ತುಟಿ ಒಡೆದಿತ್ತು. ಹಿಂದಿನ ಸೀಟಿನಲ್ಲಿ ಧೊಪ್ಪನೆ ಕೂತು, “ತಂಡದಾಗ ಹೆಸರ ಬಂತ್ರಿ” ಎಂದಳು. ವಸ್ತಾದರು ಬಹಳ ಹೊತ್ತು ಕೀಲಿಕೈಯ ತೂತು ಹುಡುಕುತ್ತಲೇ ಇದ್ದರು. ಕಣ್ಣು ಮಂಜಾಗಿತ್ತು.

ಈಗ ನನ್ನ ಎಂಜಿನ್ ಗುಜರಿ ಸೇರಿದೆ. ಮೈ ಗರಡಿಯ ಬಯಲಿನಲ್ಲಿದೆ. ದ್ಯಾಮವ್ವ ಈಗ ಕಲಿಸುವವಳು. ಬೆಳಗಾದರೆ ಅವಳ ಶಿಷ್ಯೆಯರು ತೊಡೆಗೆ ಬಲ ಬರಲೆಂದು ನನ್ನನ್ನು ಬಯಲಿನ ಈ ತುದಿಯಿಂದ ಆ ತುದಿಗೆ ನೂಕುತ್ತಾರೆ. ಭಾರ ಸಾಲದಾದಾಗ ವಸ್ತಾದರನ್ನು ಕೈಹಿಡಿದು ತಂದು ನನ್ನೊಳಗೆ ಕೂರಿಸುತ್ತಾರೆ. “ನೂಕ್ರಿ! ಮುದುಕರಿಬ್ಬರನ್ನ ನೂಕಾಕ ಆಗೂದಿಲ್ಲೇನು?” ಎಂದು ಅವರು ಒಳಗಿನಿಂದ ಗದರುತ್ತಾರೆ. ಹಿಂದೆ ಹುಡುಗಿಯರ ಹಿಮ್ಮಡಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಹೊರುವ ಕೆಲಸ ನನ್ನ ಪಾಲಿಗೆ ಮುಗಿಯಿತು. ಭಾರವಾಗಿರುವ ಕೆಲಸ ಉಳಿದಿದೆ; ಅದರಲ್ಲಿ ಒಂದು ಗುಂಜಿಯೂ ಕಡಿಮೆಯಾಗುವವನಲ್ಲ ನಾನು.