ಟೈರು ಸವೆಯುವ ತನಕ

ಸುಡುವ ರಬ್ಬರಿನ ಘಾಟು ಆಗನೇತಾಗೆ ಚಿಕ್ಕಂದಿನಿಂದಲೂ ಹಬ್ಬದ ವಾಸನೆ. ಅವಳಿಗೆ ಆರು ವರ್ಷವಿದ್ದಾಗ ಚಿಕ್ಕಪ್ಪ ಟ್ರ್ಯಾಕ್ಟರಿಗೆ ರಬ್ಬರ್ ಟೈರು ಹಾಕಿಸಿ ಇಗರ್ಜಿಯಿಂದ ಬಹಿಷ್ಕೃತನಾಗಿದ್ದ. ಕೊನೆಗೊಂದು ದಿನ ಟೈರುಗಳನ್ನು ಅಂಗಳದಲ್ಲೇ ಸುಟ್ಟು, ಆ ಭಾನುವಾರ ಇವರ ಮೇಜಿಗೆ ಊಟಕ್ಕೆ ಬಂದಿದ್ದ.

ಈಗ ಬೊಲಿವಿಯಾದ, ಮೆನೊನೈಟರೆಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ಈ ಊರಿನಲ್ಲಿ ಅವಳ ಮಗ ಗೆರ್ಹಾರ್ಡನೇ ಆ ತಪ್ಪು ಮಾಡಿದ್ದ. ಹೊಲಕ್ಕೆ ಕಬ್ಬಿಣದ ಚಕ್ರ ಸಾಕು, ರಬ್ಬರ್ ಬಂದರೆ ಮಕ್ಕಳು ಪೇಟೆಗೆ ಓಡುತ್ತಾರೆ ಎಂಬುದು ಹಿರಿಯರ ಕಟ್ಟಳೆ. ಮೀರಿದವನ ಜೊತೆ ಹೆತ್ತವರೂ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ.

ಅವನು ಊರ ಗಡಿಯಾಚೆ ಮನೆ ಮಾಡಿಕೊಂಡಿದ್ದ. ಸೋಮವಾರ ಇವಳು ಬಟ್ಟೆ ಒಣಹಾಕುವ ಹೊತ್ತಿಗೆ ಆ ದಾರಿಯಲ್ಲಿ ಬರುತ್ತಿದ್ದ. ಒಗೆದ ಬಟ್ಟೆಗೆ ಧೂಳು ಕೂರಬಾರದೆಂದು ದೂರದಲ್ಲೇ ಟ್ರ್ಯಾಕ್ಟರ್ ನಿಲ್ಲಿಸಿ ಬೇಲಿಯವರೆಗೆ ನಡೆದು ಬರುತ್ತಿದ್ದ.

"ಈ ಟೈರು ಎಷ್ಟು ವರ್ಷ ಬರುತ್ತೋ?" ಎಂದು ಮೊದಲ ಸಲ ಕೇಳಿದ್ದಳು.

"ಹೊಲದಲ್ಲೇ ಇದ್ರೆ ಹತ್ತು ವರ್ಷ ಅಮ್ಮ. ಗಾಳಿ ಸರಿಯಾಗಿರ್ಬೇಕು, ಬಿಸಿಲಲ್ಲಿ ನಿಲ್ಲಿಸ್ಬಾರ್ದು. ಸೋಯಾ ಕೂಳೆ ಬೇರೆ ಚುಚ್ಚುತ್ತೆ. ಡಾಂಬರ್ ಮೇಲೆ ಓಡಿಸಿದ್ರೆ ನಾಲ್ಕೇ ವರ್ಷ."

"ಹಾಗಾದ್ರೆ ಡಾಂಬರ್ ಮೇಲೇ ಓಡ್ಸು."

ಗೆರ್ಹಾರ್ಡ್ ನಕ್ಕುಬಿಟ್ಟ. "ಅಲ್ಲಮ್ಮ, ಬೇರೆ ತಾಯಂದ್ರು ಜೋಪಾನ ಕಣೋ ಅಂತಾರೆ!"

"ಸವೆದ ಮೇಲೆ ಕಬ್ಬಿಣ ಹಾಕ್ಕೊಂಡು ಮನೆಗೆ ಬಾರೋ."

ಅವನ ನಗು ನಿಂತಿತು. "ನೋಡೋಣಮ್ಮ."

ಆ 'ನೋಡೋಣ'ವನ್ನೇ ನೆಚ್ಚಿಕೊಂಡು ಅವಳು ನಾಲ್ಕು ವರ್ಷ ಕಳೆದಳು. ವಾರವಾರವೂ ಟ್ರ್ಯಾಕ್ಟರಿನ ತನಕ ಹೋಗಿ ಟೈರಿನ ಗೀರಿಗೆ ಹೆಬ್ಬೆರಳಿಟ್ಟು ನೋಡುತ್ತಿದ್ದಳು. ಮೊದಲು ಇಡೀ ಬೆರಳು ಮುಳುಗುತ್ತಿತ್ತು. ಆಮೇಲೆ ಅರ್ಧ. ಈ ಬೇಸಿಗೆಯಲ್ಲಿ ಬರೀ ಉಗುರು. ಅವಳು ಅಟ್ಟದಿಂದ ಅವನ ಕುರ್ಚಿ ಇಳಿಸಿ ಒರೆಸಿಟ್ಟಳು. ನಾಲ್ಕು ವರ್ಷದಿಂದ ಮಗನ ಹೆಸರೆತ್ತದ ಗಂಡ ಬರ್ನ್‌ಹಾರ್ಡ್ ಅದನ್ನು ನೋಡಿದ, ಹಾಗೇ ಇರಲು ಬಿಟ್ಟ.

ಮುಂದಿನ ಸೋಮವಾರ ಗೆರ್ಹಾರ್ಡ್ ಬಂದದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಟೈರುಗಳು ಕಪ್ಪಗೆ ಮಿರಿಮಿರಿ ಹೊಳೆಯುತ್ತಿದ್ದವು. ಅಚ್ಚಿನಿಂದ ಬಂದ ರಬ್ಬರ್ ಕೂದಲು ಕೂಡ ಇನ್ನೂ ಉದುರಿರಲಿಲ್ಲ. ಅವಳು ಹೆಬ್ಬೆರಳಿಟ್ಟಳು. ಇಡೀ ಬೆರಳು ಮುಳುಗಿತು.

"ಹಳೇದು ಒಡೆದ್ಹೋಯ್ತಮ್ಮ," ಎಂದ ಅವನು, ತಲೆಯೆತ್ತದೆ.

"ಇವು ಹತ್ತು ವರ್ಷ ಬರ್ತವೇನೋ?"

"ಬರ್ತವೆ."

ಅವಳಿಗಾಗಲೇ ಎಪ್ಪತ್ತೊಂದು. ಸೆರಗಿಲ್ಲದ ಉಡುಪಿನ ತೋಳಿನಲ್ಲೇ ಕಣ್ಣೊರೆಸಿಕೊಂಡು ಬೇಲಿಯತ್ತ ನಡೆದಳು. ಅವನೂ ಹಿಂದೆ ಬಂದ.

ಬೇಲಿಯ ಒಳಗೆ ಬರ್ನ್‌ಹಾರ್ಡ್ ನಿಂತಿದ್ದ. ಮೇಜಿನಿಂದ ಹಾಗೇ ಎದ್ದು ಬಂದಿದ್ದ. ಕೈಯಲ್ಲಿ ಅವನದೇ ತಟ್ಟೆ, ಇನ್ನೂ ಮುಟ್ಟದ ಬಿಸಿ ಕಡುಬು, ಮೇಲೆ ಕೆನೆ. ಮಗನ ಮುಖ ನೋಡದೆ ತಟ್ಟೆಯನ್ನು ಬೇಲಿಯ ಮೇಲಿಂದ ಚಾಚಿದ.

ಗೆರ್ಹಾರ್ಡ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಎರಡೂ ಕೈಯಿಂದ ಅದನ್ನು ತೆಗೆದುಕೊಂಡ.