ಹಸಿರು ಚುಕ್ಕೆಯ ಓದು

ಮೂರನೇ ಕ್ಲಾಸಿನ ಟೀಚರಿಗೆ ಸಾಕುಸಾಕಾಗಿ ಹೋಗಿತ್ತು. ಗಂಟಲು ಕೆಟ್ಟು ವರ್ಷಗಳಾಗಿದ್ದವು, ಮಂಡಿಗಳಂತೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಈ ವರ್ಷ ಮುಗಿಸಿದರೆ ಪಾಠ ಬಿಟ್ಟು ಲೈಬ್ರರಿಯಲ್ಲಿ ಕೂರಬಹುದು ಎಂದು ಹೆಡ್ಮಾಸ್ಟರು ಒಪ್ಪಿದ್ದರು. ಆ ಒಂದು ಆಸೆಯ ಮೇಲೆ ಅವರು ದಿನ ದೂಡುತ್ತಿದ್ದರು.

ಈ ವರ್ಷ ಕ್ಲಾಸಿಗೆ ಟ್ಯಾಬ್ ಬಂದ ಮೇಲೆ, ಸುಳ್ಳೇಕೆ ಹೇಳಬೇಕು, ಜೀವಕ್ಕೆ ಹಾಯೆನಿಸಿತ್ತು. ಮಕ್ಕಳ ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಪರದೆ, ಕ್ಲಾಸು ಗಪ್‌ಚಿಪ್. ಪಾಠ ಮುಗಿಸಿ ಸರಿಯಾದ ಚಿತ್ರ ಒತ್ತಿದ ಮಗುವಿನ ಹೆಸರಿನ ಮುಂದೆ ಹಸಿರು ಚುಕ್ಕೆ ಬೀಳುತ್ತಿತ್ತು. ಎಲ್ಲರಿಗೂ ಹಸಿರೇ. ಎಲ್ಲರಿಗಿಂತ ಮುಂದಿದ್ದವಳು ಮೊದಲ ಬೆಂಚಿನ ಗುಬ್ಬಿ. ಹಿಡಿಯಷ್ಟಿದ್ದಳು, ಅದಕ್ಕೇ ಆ ಅಡ್ಡಹೆಸರು.

ವರ್ಷದ ಕೊನೆಯ ವಾರ ಚಾರ್ಜ್ ಮಾಡುವ ಪೆಟ್ಟಿಗೆ ಕೆಟ್ಟು ಟ್ಯಾಬ್‌ಗಳೆಲ್ಲ ಸತ್ತು ಬಿದ್ದವು. ಟೀಚರು ಗೊಣಗುತ್ತಲೇ ಬೀರುವಿನಿಂದ ಹಳೆಯ ಪಾಠದ ಪುಸ್ತಕ ತೆಗೆದು, ಧೂಳು ಕೊಡವಿ, ಗುಬ್ಬಿಯ ಮುಂದಿಟ್ಟರು.

"ನೀನೇ ಓದಮ್ಮ, ಎಲ್ಲರಿಗೂ ಕೇಳೋ ಹಾಗೆ."

ಗುಬ್ಬಿ ಮೊದಲ ಪದದ ಮೇಲೆ ಬೆರಳಿಟ್ಟು ಒತ್ತಿದಳು. ಆಮೇಲೆ ಇನ್ನೂ ಗಟ್ಟಿಯಾಗಿ ಒತ್ತಿದಳು.

"ಓದೇ, ಯಾಕೆ ನಾಚ್ಕೋತೀಯ?"

"ಒತ್ತಿದೀನಿ ಟೀಚರ್. ಇದು ಹೇಳ್ತಾನೇ ಇಲ್ಲ."

ಟೀಚರಿಗೆ ಆಗ ಹೊಳೆಯಿತು. ಟ್ಯಾಬಿನಲ್ಲಿ ಪದವನ್ನು ಒತ್ತಿ ಹಿಡಿದರೆ ಅದೇ ಓದಿ ಹೇಳುತ್ತಿತ್ತು. ಬಾರದ ಪದಕ್ಕೆ ಮಾತ್ರ ಇರಲಿ ಎಂದು ಕೊಟ್ಟ ಅನುಕೂಲ ಅದು. ಈ ಪಾಪದ್ದು ವರ್ಷವಿಡೀ ಒಂದೊಂದು ಪದವನ್ನೂ ಕೇಳಿಸಿಕೊಂಡೇ ಚಿತ್ರ ಒತ್ತಿದೆ! ಪುಸ್ತಕವನ್ನು ಪಕ್ಕದವನಿಗೆ ಕೊಟ್ಟರು. ಅವನೂ ಬೆರಳಿಟ್ಟ. ಹಿಂದಿನ ಬೆಂಚಿನವಳು ಎರಡು ಅಕ್ಷರ ಕೂಡಿಸಿ, ಮೂರನೆಯದಕ್ಕೆ ಅಳತೊಡಗಿದಳು.

ಥೂ, ನಾನೆಂಥ ಟೀಚರು! ಗಲಾಟೆ ಇಲ್ಲ ಅಂತ ಖುಷಿಪಟ್ಟೆನೇ ಹೊರತು, ಒಂದು ದಿನ ಬಾಯಿ ಬಿಟ್ಟು ಓದಿಸಿದೆನೇ? ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಗಂಟೆ ಹೊಡೆದೊಡನೆ ಹೆಡ್ಮಾಸ್ಟರ ಕೋಣೆಗೆ ಹೋದರು.

"ಸಾರ್, ಈ ಮಕ್ಕಳ ಜೊತೆ ನಾನೂ ನಾಲ್ಕನೇ ಕ್ಲಾಸಿಗೆ ಹೋಗ್ತೀನಿ."

"ಏನ್ರಮ್ಮ ತಮಾಷೆ ಮಾಡ್ತೀರಾ? ಎಲ್ಲರದೂ ಹಸಿರೇ ಇದೆಯಲ್ಲ."

"ಹಸಿರೇ ಇದೆ ಸಾರ್. ಓದೋಕೆ ಬರಲ್ಲ."

ಹೆಡ್ಮಾಸ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಲೈಬ್ರರಿಗೆ ಬೇರೆಯವರು ಕಾದು ಕೂತಿದಾರೆ, ಮತ್ತೆ ಸಿಗಲ್ಲ ನೋಡಿ. ಅಕ್ಷರದಿಂದ ಶುರು ಮಾಡ್ಬೇಕಾಗುತ್ತೆ. ನಿಮ್ಮ ಕೈಲಿ ಆಗುತ್ತಾ?"

ಟೀಚರು ಗೋಡೆಗೆ ಒರಗಿ ನಿಂತರು.

"ಆಗಲ್ಲ ಸಾರ್. ಆದ್ರೂ ನಾಲ್ಕನೇ ಕ್ಲಾಸಿಗೆ ನನ್ನ ಹೆಸರೇ ಹಾಕಿ."