ನಾಲ್ಕು ಗಂಟೆಯೊಳಗೊಂದು ಲಿನಕ್ಸ್

ಮಾವ ನಾಲ್ಕು ಗಂಟೆಗೆ ಬರುತ್ತೇನೆಂದಿದ್ದರು. ಹೇಳಿದ ಹೊತ್ತಿಗಿಂತ ಮೊದಲೇ ಬರುವವರು ಅವರು. ಊಟವಾದಾಗಿನಿಂದ ನನ್ನ ಕಿವಿ ಮೆಟ್ಟಿಲ ಮೇಲೇ ಇತ್ತು.

ಗಂಟಲಿನ ಆಪರೇಷನ್ ಆದಮೇಲೆ ಚಿಕ್ಕಮ್ಮನಿಗೆ ಧ್ವನಿಯಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾರೆ, ಅದು ಓದಿ ಹೇಳುತ್ತದೆ. ಆದರೆ ವಿಂಡೋಸ್ ಅದಕ್ಕೆ ಹೊರಲಾರದ ಭಾರವಾಗಿತ್ತು; ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಿದ್ದರು. ಹೋದ ಸಲ ಚಿಕ್ಕಮ್ಮನ ಅಣ್ಣ, ಅಂದರೆ ಮಾವ, "ಕೆಳಗಿನ ನಿನ್ನ ಹೊಲಿಗೆ ಅಂಗಡಿ ಮುಚ್ಚಿ ಮೊಬೈಲ್ ಅಂಗಡಿಯವರಿಗೆ ಬಾಡಿಗೆ ಕೊಡೋಣ, ಏನಂತೀಯಾ?" ಎಂದು ಕೇಳಿದ್ದರು. ಲ್ಯಾಪ್‌ಟಾಪು "ಬೇಡ" ಎನ್ನುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟಿ ಇಳಿದುಹೋಗಿದ್ದರು. ತಂಗಿ ಸುಮ್ಮನಿದ್ದಳು, ಒಪ್ಪಿದಂತೆಯೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದರು.

ಕಟ್ಟಡ ಇಬ್ಬರ ಹೆಸರಿನಲ್ಲಿದೆ. ಚಿಕ್ಕಮ್ಮ ಬೇಡವೆಂದರೆ ಮುಗಿಯಿತು. ಆದರೆ ಅನ್ನಬೇಕಲ್ಲ! ಚೀಟಿ ಕೊಟ್ಟರೆ ಮಾವ ಕನ್ನಡಕ ತಂದಿಲ್ಲ ಎನ್ನುತ್ತಾರೆ. ಮೊಬೈಲಿನ ಪುಟ್ಟ ಅಕ್ಷರಗಳು ಚಿಕ್ಕಮ್ಮನ ಬೆರಳಿಗೆ ಒಗ್ಗಲಿಲ್ಲ. ನಾನು ಬಾಯಿ ಹಾಕಿದರೆ "ನಿನ್ನನ್ನ ಯಾರು ಕೇಳಿದ್ರು?" ಇಂದು ಅವರು ಮೊಬೈಲಿನವರನ್ನೇ ಕರೆತಂದು ಮಾತು ಮುಗಿಸುವವರಿದ್ದರು.

ರಿಪೇರಿ ಅಂಗಡಿಯವರು ನನಗೆ ಮೂರು ಪೆನ್‌ಡ್ರೈವ್ ಕೊಟ್ಟಿದ್ದರು. ಒಂದೊಂದರಲ್ಲಿ, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಒಂದೊಂದು ಬಗೆಯ ಲಿನಕ್ಸ್.

"ಮುದಿ ಯಂತ್ರ ಮೇಡಂ, ಮೂಟೆ ಹೊರಿಸಬೇಡಿ. ಮೂರರಲ್ಲೂ ಕನ್ನಡ ಹಾಕಿದೀನಿ, ಓದೋ ಧ್ವನಿ ಹಾಕಿದೀನಿ. ಚುಚ್ಚಿ ನೋಡಿ, ಹಿಡಿಸಿದ್ದು ಇಟ್ಕೊಳ್ಳಿ. ಮೂರನೇದು ಮಾತ್ರ ಎಲ್ಲಾನೂ ತಲೇಲೇ ಇಟ್ಕೊಂಡಿರುತ್ತೆ. ಆಫ್ ಮಾಡುವಾಗ ಉಳಿಸಬೇಕಾ ಅಂತ ಕೇಳುತ್ತೆ. ಹೂಂ ಅನ್ನಿ, ಇಲ್ಲಾಂದ್ರೆ ಬರೆದದ್ದೆಲ್ಲ ಹೋಗುತ್ತೆ."

ಬೆಳಿಗ್ಗೆ ಮೊದಲನೆಯದನ್ನು ಚುಚ್ಚಿದೆ. ನೋಡಲು ಚೆಂದ, ಏದುಸಿರು ಮಾತ್ರ ಹಳೆಯದೇ. ಎರಡನೆಯದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎದ್ದು ಕೂತಿತು, ಆದರೆ ಈ ಲ್ಯಾಪ್‌ಟಾಪಿನ ಸ್ಪೀಕರಿನ ಗುರುತೇ ಅದಕ್ಕೆ ಸಿಗಲಿಲ್ಲ. ಚಿಕ್ಕಮ್ಮ ತಮ್ಮ ಗಂಟಲು ಮುಟ್ಟಿ, ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿ, ಮೂಗು ಮುರಿದರು. ಮೂರನೆಯದು ಬೇಗ ಎದ್ದಿತು, ಒತ್ತಿದ ಅಕ್ಷರ ಒತ್ತಿದಂತೆಯೇ ಮೂಡಿತು, ಧ್ವನಿಯೂ ಬಂತು. ಚಿಕ್ಕಮ್ಮ ನಕ್ಕದ್ದನ್ನು ನಾನು ಎಷ್ಟೋ ದಿನದ ಮೇಲೆ ನೋಡಿದೆ.

ಅವರು ಊಟಕ್ಕೂ ಏಳದೆ ಮಾವನಿಗೆ ಹೇಳಬೇಕಾದ ಮಾತೆಲ್ಲ ಟೈಪ್ ಮಾಡಿದರು. ಅಣ್ಣನ ಮನಸ್ಸು ನೋಯದ ಹಾಗೆ, ಕಾರಣಗಳನ್ನೆಲ್ಲ ಕೊಟ್ಟು, ಎರಡು ಪುಟ.

ನನಗೋ ಒಂದೇ ಚಿಂತೆ: ಮಾವ ಬಂದಾಗ ಇದು ಕೈಕೊಟ್ಟರೆ? ಚಿಕ್ಕಮ್ಮ ಮುಖ ತೊಳೆಯಲು ಹೋದಾಗ, ಇನ್ನೊಮ್ಮೆ ಸರಿಯಾಗಿ ಏಳುತ್ತದೆಯೇ ನೋಡಿಬಿಡೋಣವೆಂದು ಪವರ್ ಗುಂಡಿ ಒತ್ತಿ ಹಿಡಿದೆ. ವಿಂಡೋಸ್ ಇದ್ದಾಗ ಈ ಲ್ಯಾಪ್‌ಟಾಪು ಎಂದೂ ತಾನಾಗಿ ಆಫ್ ಆದದ್ದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಹೀಗೆ ಕುತ್ತಿಗೆ ಹಿಸುಕಿಯೇ ಮಲಗಿಸುತ್ತಿದ್ದುದು. ಪರದೆ ಕಪ್ಪಾಯಿತು. ಅದಕ್ಕೆ ಏನನ್ನೂ ಕೇಳಲು ನಾನು ಬಿಟ್ಟಿರಲಿಲ್ಲ.

ಮತ್ತೆ ಎದ್ದಾಗ ಎರಡು ಪುಟದಲ್ಲಿ ಒಂದಕ್ಷರವೂ ಇರಲಿಲ್ಲ.

ಚಿಕ್ಕಮ್ಮ ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಹೇಳಬೇಕಾಗಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿ ಸದ್ದು. ಅವರು ಟವೆಲು ಎಸೆದು ಲ್ಯಾಪ್‌ಟಾಪಿನ ಮುಂದೆ ಕೂತರು.

"ಏನಮ್ಮಾ, ಹುಷಾರಾ?" ಮಾವ ಬಾಗಿಲಿನಿಂದಲೇ ಶುರು ಮಾಡಿದರು. "ಇವರೇ ಮೊಬೈಲಿನವರು. ಬರೋ ವಾರದಿಂದ್ಲೇ ಕೆಳಗೆ..."

"ಯಾರನ್ನ ಕೇಳಿದೆ?"

ಯಂತ್ರದ ಧ್ವನಿ ಒಣಕಲು. ಮಾವ ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡದೆ ನಿಂತರು. ಮಾತಿನ ನಡುವೆ ಚಿಕ್ಕಮ್ಮ ಬಾಯಿ ಹಾಕಿದ್ದು ಆಪರೇಷನ್ ಆದಮೇಲೆ ಅದೇ ಮೊದಲು.

"ಅಲ್ವೇ, ಹೋದ ಸಲ ನೀನು ಸುಮ್ನೆ..."

"ಬೇಡ ಅಂದೆ. ನೀನು ಇಳಿದು ಹೋಗಿದ್ದೆ."

"ನಿನ್ನ ಆರೋಗ್ಯಕ್ಕೆ ಅಂತ..."

"ಗಂಟಲು ಹೋಗಿದೆ ಅಣ್ಣ. ಕೈ ಇದೆ."

ಚಿಕ್ಕಮ್ಮ ತಲೆ ಎತ್ತದೆ ಟಕಟಕ ಒತ್ತುತ್ತಿದ್ದರು. ನಾನು ಪೆನ್‌ಡ್ರೈವಿನ ಮೇಲೆ ಕಣ್ಣಿಟ್ಟು, ಯಾರ ಕಾಲೂ ತಂತಿಗೆ ತಾಗದ ಹಾಗೆ ಅಡ್ಡ ನಿಂತಿದ್ದೆ. ಮಾವ ನನ್ನತ್ತ ತಿರುಗಿದರು. "ಇದೆಲ್ಲ ನಿನ್ನ ಕಿತಾಪತಿನಾ?"

"ಅವಳನ್ನ ಯಾಕೆ ಕೇಳ್ತೀಯ? ಅಂಗಡಿ ಕೊಡಲ್ಲ. ನಾನು ಹೇಳ್ತಿರೋದು."

ಮೊಬೈಲಿನವರು ಮೆಲ್ಲಗೆ, "ಸರ್, ಎಲ್ಲಾ ಒಪ್ಪಿಗೆ ಆಗಿದೆ ಅಂದಿದ್ರಿ..." ಎಂದರು.

"ನೀವು ಕೂತ್ಕೊಳ್ಳಿ," ಎಂದಿತು ಯಂತ್ರ. "ಪ್ಯಾಂಟಿನ ಅಂಚು ಬಿಚ್ಚಿದೆ. ಅಂಗಡಿಗೆ ಬನ್ನಿ, ಹೊಲಿದು ಕೊಡ್ತೀನಿ."

ಅವರು ಬಗ್ಗಿ ಕಾಲು ನೋಡಿಕೊಂಡು ನಕ್ಕುಬಿಟ್ಟರು. ಮಾವ ನಗಲಿಲ್ಲ. ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿ, "ಇನ್ನು ನನ್ನನ್ನ ಕೇಳಬೇಡಿ," ಎಂದು ಇಳಿದು ಹೋದರು.

ಮೊಬೈಲಿನವರೂ ಹೋದಮೇಲೆ ನನ್ನ ಕೈ ತಾನಾಗಿ ಪವರ್ ಗುಂಡಿಯತ್ತ ಹೋಯಿತು. ಚಿಕ್ಕಮ್ಮ ಪಟ್ಟೆಂದು ಹೊಡೆದರು.

"ಉಳಿಸೋದು ಎಲ್ಲಿ ಅಂತ ತೋರಿಸು," ಎಂದಿತು ಯಂತ್ರ. "ಇನ್ನು ಇದನ್ನ ನಾನೇ ಮಲಗಿಸ್ತೀನಿ."